ತೊಟ್ಟಿಲು ಬಿಟ್ಟು ಸಮಾಧಿಯಿಂದ ಶುರು ಮಾಡಿದೆ

"ಅಮೆರಿಕದ ಹಳೇ ವಕೀಲನ ಕತೆ ಕನ್ನಡದಲ್ಲಿ ಯಾರು ಓದ್ತಾರೆ ಮಾರಾಯ?" ಎಂದವರು ಒಬ್ಬಿಬ್ಬರಲ್ಲ. ಗುಲಾಮಗಿರಿ ವಿರುದ್ಧ ಹೋರಾಡಿದ ಅಮೆರಿಕದ ವಕೀಲ, ಸಂಸದ ಥ್ಯಾಡಿಯಸ್ ಸ್ಟೀವನ್ಸ್ ಮೇಲೆ ನಾನು ಬರೆದ ಕಿರುಹೊತ್ತಿಗೆ 500ರಲ್ಲಿ 450ರಷ್ಟು ಖರ್ಚಾಗಿದೆ. ಈಗ ಸ್ವಲ್ಪ ಜಂಬ ಕೊಚ್ಚಿಕೊಳ್ಳಬಹುದು, ಅಲ್ವಾ?

ಮೊದಲ ಸಲ ಮಣ್ಣು ಮುಕ್ಕಿದ್ದೆ. ಎಲ್ಲರ ಹಾಗೆ ತೊಟ್ಟಿಲಿಂದ ಹೊರಟೆ. 1792, ವರ್ಮಾಂಟ್‌ನ ಡ್ಯಾನ್‌ವಿಲ್, ಬಡತನ, ಹುಟ್ಟಿನಿಂದಲೇ ಸೊಟ್ಟ ಕಾಲು, ಡಾರ್ಟ್‌ಮತ್ ಕಾಲೇಜು, 1816ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ವಕೀಲಿ. 120 ಪುಟ ಆಯಿತು. 300 ಪ್ರತಿಗೆ 22 ಸಾವಿರದ ಹತ್ತಿರ ಹತ್ತಿರ ಬಿತ್ತು. ಹೋದದ್ದು 40, ಅದರಲ್ಲೂ ಅರ್ಧ ನೆಂಟರಿಗೆ. ಉಳಿದದ್ದನ್ನು ಅಟ್ಟದ ಗೆದ್ದಲು ಓದಿತು. ಕರಡು ತಿದ್ದಿದ ಗೆಳೆಯ 12ನೇ ಪುಟದಲ್ಲೇ ಕೇಳಿದ್ದ, "ಇವನು ಯಾವಾಗ ದೊಡ್ಡವನಾಗ್ತಾನೆ?" ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಇನ್ನೊಂದು ಎಡವಟ್ಟು 'ಕಾಂಗ್ರೆಸ್' ಎಂಬ ಪದ. ಅಮೆರಿಕದಲ್ಲಿ ಅದು ಪಕ್ಷವಲ್ಲ, ಸಂಸತ್ತಿನ ಹೆಸರು. 'ಕಾಂಗ್ರೆಸ್ ಸದಸ್ಯ' ಎಂದು ಬರೆದೆ. ಮುಂದಿನ ಸಾಲಲ್ಲೇ 'ರಿಪಬ್ಲಿಕನ್ ಪಕ್ಷ' ಎಂದೆ. ಓದಿದವರೊಬ್ಬರು ಫೋನ್ ಮಾಡಿ, "ಯಾವಾಗ ಪಕ್ಷ ಬಿಟ್ರು?" ಎಂದರು. ಈಗ ಸುಮ್ನೆ 'ಸಂಸದ', 'ಕೆಳಮನೆ' ಎಂದೇ ಬರೆಯುತ್ತೇನೆ.

ಎರಡನೇ ಸಲ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಸ್ಟೀವನ್ಸ್ ಸಮಾಧಿ ಇರುವ ಸ್ಮಶಾನದಿಂದ ಹೊರಟೆ. ಬೇರೆ ಸ್ಮಶಾನಗಳು ಕರಿಯರನ್ನು ಸೇರಿಸುತ್ತಿರಲಿಲ್ಲ. ಎಲ್ಲರನ್ನೂ ಸೇರಿಸುವ ಸಣ್ಣ ಸ್ಮಶಾನವನ್ನು ಆತ ತಾನೇ ಆರಿಸಿಕೊಂಡ. ಕಾರಣವನ್ನೂ ಕಲ್ಲಿನ ಮೇಲೆ ಕೆತ್ತಿಸಿದ. ಅದು ಮೊದಲ ಪುಟ. ಪುಟ ತಿರುವಿದರೆ 1821ರ ಕೋರ್ಟು. ಚಾರಿಟಿ ಬಟ್ಲರ್ ಎಂಬ ಗುಲಾಮ ಹೆಂಗಸು. ಪೆನ್ಸಿಲ್ವೇನಿಯಾದಲ್ಲಿ 6 ತಿಂಗಳು ಇರಿಸಿಕೊಂಡರೆ ಗುಲಾಮರಿಗೆ ಬಿಡುಗಡೆ ಎಂಬುದು ಕಾನೂನು. ಬಂದು ಹೋದ ದಿನ ಕೂಡಿಸಿದರೆ ಅಷ್ಟಾಗುತ್ತದೆ ಎಂಬುದು ಅವಳ ವಾದ. ಒಂದೇ ಸಮನೆ 6 ತಿಂಗಳು ಇರಬೇಕು ಎಂದು ಎದುರಾಳಿ ವಕೀಲ ಗೆದ್ದ. ಅವಳು ಮಕ್ಕಳ ಸಮೇತ ಗುಲಾಮಗಿರಿಗೆ ವಾಪಸ್. ಆ ವಕೀಲ ಇದೇ ಸ್ಟೀವನ್ಸ್!

ಇಲ್ಲಿ ಓದುಗ ಸಿಕ್ಕಿಬಿದ್ದ. ಆ ಮನುಷ್ಯ ಈ ಸಮಾಧಿಗೆ ಹೇಗೆ ಬಂದ? ಇನ್ನು ಇಸವಿಗಳನ್ನು ಅವನೇ ಕೇಳಿ ಪಡೆಯುತ್ತಾನೆ. 1851ರಲ್ಲಿ ಕ್ರಿಸ್ಟಿಯಾನಾ ಗಲಭೆಯ, ಅಂದರೆ ಓಡಿಬಂದ ಗುಲಾಮರನ್ನು ಹಿಡಿಯಲು ಬಂದವರ ವಿರುದ್ಧ ಎದ್ದ ಗಲಭೆಯ, ಆರೋಪಿಯ ಪರ ಅದೇ ಸ್ಟೀವನ್ಸ್ ನಿಂತ. ಜ್ಯೂರಿ ಕಾಲು ಗಂಟೆಯಲ್ಲಿ ಬಿಟ್ಟು ಕಳಿಸಿತು. 21ರಿಂದ 51ಕ್ಕೆ ನಾನು ಸೇತುವೆ ಕಟ್ಟಿದ್ದು ಹೇಗೆ ಎಂಬುದನ್ನು ಮಾತ್ರ ಹೇಳುವುದಿಲ್ಲ. 40 ರೂಪಾಯಿ ಕೊಟ್ಟು ಪುಸ್ತಕ ನೋಡಿ.

ನಡುವೆ ಒಂದು ಹುಚ್ಚು ಸಾಹಸವೂ ಆಯಿತು. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ನನ್ನು ಕುರ್ಚಿಯಿಂದ ಇಳಿಸಲು ಸ್ಟೀವನ್ಸ್ ಪಟ್ಟು ಹಿಡಿದಿದ್ದ 1868ರ ವಿಚಾರಣೆಯನ್ನು ತಾಳಮದ್ದಲೆಯ ಅರ್ಥದ ಹಾಗೆ ಬರೆದೆ. ಇಬ್ಬರೂ ವಾದದಲ್ಲಿ ಗಟ್ಟಿಗರು, ಒಗ್ಗುತ್ತೆ ಅಂದುಕೊಂಡೆ. ನಾಲ್ಕು ಜನರ ಮುಂದೆ ಓದಿದಾಗ ಜಾನ್ಸನ್ನೇ ಕೌರವನ ಹಾಗೆ ಮಿಂಚಿ ಚಪ್ಪಾಳೆ ಗಿಟ್ಟಿಸಿದ. ಕಟ್ಟಿಟ್ಟೆ. ಅಸಲಿಗೂ ಆತ ಒಂದೇ ಮತದಲ್ಲಿ ಪಾರಾದ ಬಿಡಿ.

ದುಡ್ಡಿನ ಭಾಗಕ್ಕೆ ಜಾಸ್ತಿ ಪುಟ ಕೊಟ್ಟೆ, ಜನ ಓದುವುದೇ ಅದನ್ನು. ಸ್ಟೀವನ್ಸ್‌ನ ಕ್ಯಾಲೆಡೋನಿಯಾ ಕಬ್ಬಿಣದ ಕುಲುಮೆ ಅವನನ್ನು ಸಾಲದಲ್ಲಿ ಮುಳುಗಿಸಿತ್ತು. ತೀರಿಸಲಿಕ್ಕೆಂದೇ 1842ರಲ್ಲಿ ಲ್ಯಾಂಕಾಸ್ಟರ್‌ಗೆ ಹೋಗಿ ದೊಡ್ಡ ವಕೀಲಿ ಶುರು ಮಾಡಿದ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ 1863ರಲ್ಲಿ, ಗುಲಾಮಗಿರಿ ಬೇಕೆಂದ ದಕ್ಷಿಣದ ಸೈನ್ಯ ಆ ಕುಲುಮೆಗೇ ಬೆಂಕಿ ಇಟ್ಟಿತು. ಡಾಲರನ್ನು ಇವತ್ತಿನ ರೂಪಾಯಿಗೆ ಲೆಕ್ಕ ಹಾಕಲು ಹೋಗಿ ಒಂದು ವಾರ ಹಾಳು ಮಾಡಿದೆ. ನೀವು ಆ ಸಹವಾಸಕ್ಕೆ ಹೋಗಬೇಡಿ.

ಸ್ಟೀವನ್ಸ್‌ನ ಮನೆ ನೋಡಿಕೊಂಡ ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಬಗ್ಗೆ ಪ್ರೇಮಕತೆ ಹೆಣೆಯಿರಿ ಎಂದು ಇಬ್ಬರು ಒತ್ತಾಯಿಸಿದರು. ಹೆಣೆಯಲಿಲ್ಲ. ಆತ ಸಾಯುವವರೆಗೆ ಸುಮಾರು 20 ವರ್ಷ ಆಕೆ ಆ ಮನೆಯಲ್ಲಿದ್ದರು, ಅಷ್ಟೇ ಬರೆದೆ.

ಈ ಸಲ 48 ಪುಟ, ಮುದ್ರಣಕ್ಕೆ 15 ಸಾವಿರದ ಆಸುಪಾಸು. ಕೈಗೆ ಬಂದ ಲಾಭ 3 ಸಾವಿರ. ಗೆದ್ದಲಿನ ಬಾಕಿ ಇನ್ನೂ ತೀರಿಲ್ಲ. ಉಳಿದ 50ರಲ್ಲಿ ಹತ್ತಿಪ್ಪತ್ತು ಪ್ರತಿಗಳಲ್ಲಿ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ (ಕರಿಯರಿಗೂ ಪೌರತ್ವ ಕೊಟ್ಟದ್ದು) ಪುಟಗಳು ತಲೆಕೆಳಗಾಗಿ ಬೈಂಡ್ ಆಗಿವೆ. ಅವನ್ನು ಅರ್ಧ ಬೆಲೆಗೆ ಕೊಡುತ್ತೇನೆ.