ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ಹೊತ್ತು?

ಲಕ್ಷದ್ವೀಪಕ್ಕೆ ಹೋದವರು ಅಲ್ಲಿಂದಲೇ ಅಂಡಮಾನಿಗೂ ಹೋಗಿಬಿಡೋಣ ಎಂಬ ಹಟ ನನ್ನದು. ಪ್ರೌಢಶಾಲೆಯ ಗಣಿತದ ಮೇಷ್ಟರಾದ್ದರಿಂದ ಟಿಕೆಟ್ ನೋಡುವ ಮೊದಲು ಕ್ಯಾಲ್ಕುಲೇಟರ್ ಹಿಡಿದು ಕುಳಿತೆ.

ಅಗತ್ತಿ 10°49′ ಉತ್ತರ, 72°11′ ಪೂರ್ವ. ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯ ಪುರಂ, ನನ್ನ ನಾಲಗೆಗೆ ಇನ್ನೂ ಹತ್ತಿಲ್ಲ) 11°38′ ಉತ್ತರ, 92°44′ ಪೂರ್ವ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಅಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 109 ಕಿ.ಮೀ. ಗುಣಿಸಿದಾಗ 2,216 ಬಂತು. ಮಾರನೆಯ ದಿನ ನೋಡಿದರೆ 72°11′ ಅನ್ನು 72.11 ಎಂದೂ 92°44′ ಅನ್ನು 92.44 ಎಂದೂ ಒತ್ತಿದ್ದೆ! ಹನ್ನೊಂದು ನಿಮಿಷವೆಂದರೆ ಅರವತ್ತರಲ್ಲಿ ಹನ್ನೊಂದು, ಅಂದರೆ 0.18. ಮಕ್ಕಳ ಅಂಕ ಕತ್ತರಿಸುವ ತಪ್ಪನ್ನೇ ನಾನೂ ಮಾಡಿ 24 ಕಿ.ಮೀ. ನುಂಗಿಹಾಕಿದ್ದೆ. ತಿದ್ದಿದಾಗ 2,240 ಆಯಿತು. ಉತ್ತರಕ್ಕೆ ಸರಿಯಬೇಕಾದ 91 ಕಿ.ಮೀ. ಸೇರಿಸಿದರೆ ಪೈಥಾಗೊರಸ್ ಹೆಚ್ಚಿಸಿದ್ದು ಎರಡೇ ಕಿ.ಮೀ. ಭೂಮಿಯ ದುಂಡನ್ನೂ ಹಿಡಿದ ಪೂರ್ಣ ಸೂತ್ರದ ಉತ್ತರ 2,243.

ಗಂಟೆಗೆ 800 ಕಿ.ಮೀ. ಹಾರುವ ಜೆಟ್ಟಿಗೆ ಏರಿಳಿಯುವ ಅರ್ಧ ಗಂಟೆಯೂ ಸೇರಿ ಮೂರೂಕಾಲು ಗಂಟೆ ಸಾಕು. ಹಾಳೆಯ ಮೇಲೆ ಬಹಳ ಚೆಂದ. ಆದರೆ ಅಗತ್ತಿಯ ರನ್‌ವೇ ಉದ್ದ ಬರೀ 1,204 ಮೀಟರ್. ದೊಡ್ಡ ಜೆಟ್ ಅಲ್ಲಿ ಇಳಿಯುವ ಮಾತೇ ಇಲ್ಲ. ಬರುವುದು ರೆಕ್ಕೆಯಲ್ಲಿ ಪ್ರೊಪೆಲ್ಲರ್ ತಿರುಗುವ ಎಟಿಆರ್. ಗಂಟೆಗೆ 500 ಕಿ.ಮೀ. ವೇಗದ ಅದು ಪೂರ್ತಿ ಜನರನ್ನು ಹೊತ್ತು ಒಂದೇ ಉಸಿರಿಗೆ ಹಾರುವುದು ಸುಮಾರು 1,500 ಕಿ.ಮೀ. ಹೀಗಾಗಿ ನೇರ ದಾರಿಯ ಆಸೆ ಬಿಟ್ಟೆವು.

ಹೋಗುವಾಗಲೇ ಆ ರನ್‌ವೇಯ ರುಚಿ ಸಿಕ್ಕಿತ್ತು. ಎರಡೂ ಬದಿಯ ಕಿಟಕಿಯಲ್ಲಿ ತಿಳಿಹಸಿರು ನೀರು ಮೇಲೇರಿ ಬರುತ್ತದೆ, ನೆಲ ಕಾಣುವುದೇ ಇಲ್ಲ. ಇನ್ನೇನು ನೀರಿಗೇ ಇಳಿದೆವು ಎನ್ನುವಾಗ ಚಕ್ರ ತಾಗಿ, ಬ್ರೇಕಿನ ರಭಸಕ್ಕೆ ಹಣೆ ಮುಂದಿನ ಸೀಟಿನತ್ತ ಜಗ್ಗುತ್ತದೆ.

ಕೊನೆಗೆ ಹಿಡಿದ ದಾರಿ ಹೀಗೆ: ಅಗತ್ತಿಯಿಂದ ಕೊಚ್ಚಿ 468 ಕಿ.ಮೀ., ಅಲ್ಲಿಂದ ಚೆನ್ನೈ 518, ಅಲ್ಲಿಂದ ಪೋರ್ಟ್ ಬ್ಲೇರ್ 1,372. ಒಟ್ಟು 2,358, ನೇರ ಗೆರೆಗಿಂತ 115 ಮಾತ್ರ ಹೆಚ್ಚು. ಆ ಗೆರೆಯೂ ಕೇರಳ, ತಮಿಳುನಾಡಿನ ಮೇಲೆಯೇ ಹಾಯುತ್ತದಲ್ಲ. ಆದರೆ ಮಧ್ಯಾಹ್ನ ಅಗತ್ತಿ ಬಿಟ್ಟವರು ಪೋರ್ಟ್ ಬ್ಲೇರ್‌ನಲ್ಲಿ ಇಳಿದದ್ದು ಮರುದಿನ ಬೆಳಿಗ್ಗೆ. ಆಕಾಶದಲ್ಲಿದ್ದದ್ದು ಐದು ಗಂಟೆಯೊಳಗೆ. ಮಿಕ್ಕಿದ್ದೆಲ್ಲ ಕುರ್ಚಿಯ ಮೇಲೆ, ಇಡ್ಲಿಯ ಮುಂದೆ, ಲಾಡ್ಜಿನ ಹಾಸಿಗೆಯಲ್ಲಿ.

ಅಂದು ಸಂಜೆ ಆರಕ್ಕೆ ಸೂರ್ಯಾಸ್ತ ನೋಡಲು ಹೊರಟರೆ ಕಡಲು ಆಗಲೇ ಕಪ್ಪಾಗಿತ್ತು. ಜನವರಿ ತಿಂಗಳು, ಸೂರ್ಯ ಐದೂಕಾಲಿಗೇ ಮುಳುಗಿದ್ದ. ಮೊನ್ನೆ ಅಗತ್ತಿಯಲ್ಲಿ ಆರೂವರೆ ದಾಟಿದ ಮೇಲೂ ಬಿಸಿಲಿತ್ತಲ್ಲ ಎಂದು ಹೆಂಡತಿ ಗಡಿಯಾರ ನೋಡಿಕೊಂಡಳು. ಎರಡೂ ಕಡೆ ಅದೇ ಭಾರತೀಯ ಕಾಲಮಾನ. ಡಿಗ್ರಿಗೆ ನಾಲ್ಕು ನಿಮಿಷದಂತೆ 20.55 ಡಿಗ್ರಿಗೆ 82 ನಿಮಿಷ. ಅಷ್ಟೆಲ್ಲ ಲೆಕ್ಕ ಹಾಕಿದವನು ಇದೊಂದನ್ನು ಮಾತ್ರ ಹಾಕಿರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ದಂಡೆಯಲ್ಲಿ ನಡೆದು ಬಂದೆವು.