ಕಾಡಿನ ಕಡೆ ಹೋಗೋ ಮೈಸೂರು, ಮಂಡ್ಯದವ್ರಿಗೆ: ಮಂಗನ ಕಾಯಿಲೆ ತಗಲದ ಹಾಗೆ ನೋಡ್ಕೊಳ್ಳೋದು ಹೇಗೆ

ಡಿಸೆಂಬರ್ ಬಂತು ಅಂದ್ರೆ ನಮ್ ಕಡೆಯಿಂದ ಜನ ಮಲೆನಾಡಿನ ದಾರಿ ಹಿಡೀತಾರೆ, ಕೆಲವ್ರು ಕಾಫಿ ಕುಯ್ಯೋಕೆ, ಕೆಲವ್ರು ಅಡಿಕೆ ತೋಟಕ್ಕೆ, ಮೈಸೂರಿನ ಹುಡುಗ್ರು ಟ್ರೆಕ್ಕಿಂಗ್‌ಗೆ. ಮಂಗನ ಕಾಯಿಲೆ ಸೀಸನ್ನೂ ಸರಿಯಾಗಿ ಅದೇ, ಡಿಸೆಂಬರಿಂದ ಮೇ ತನಕ. ಹೋಗ್ಬೇಡಿ ಅಂತ ಹೇಳೋಕಾಗಲ್ಲ, ಹೊಟ್ಟೆಪಾಡು ಇರುತ್ತೆ. ಆದ್ರೆ ಹೆಂಗೆ ಹೋಗ್ಬೇಕು, ವಾಪಸ್ ಬಂದು ಜ್ವರ ಬಂದ್ರೆ ಡಾಕ್ಟರ್ ಹತ್ರ ಏನ್ ಹೇಳ್ಬೇಕು ಅನ್ನೋದು ಗೊತ್ತಿರಲೇಬೇಕು.

ಮೊದ್ಲು ಇದು ಎಲ್ಲಿಂದ ಬರುತ್ತೆ ಅಂತ ತಿಳ್ಕೊಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಒಂದರ ಹಿಂದೆ ಒಂದು ಸಾಯ್ತಾ ಇದ್ವು, ಸುತ್ತಲಿನ ಹಳ್ಳಿ ಜನಕ್ಕೂ ಜೋರು ಜ್ವರ, ಕೆಲವ್ರಿಗೆ ರಕ್ತಸ್ರಾವ. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವ್ರು ಬಂದು ನೋಡಿದಾಗ ಮೊದ್ಲು ಸೊಳ್ಳೆಯಿಂದ ಹರಡೋ ಹಳದಿ ಜ್ವರ ಇರಬಹುದಾ ಅಂತ ಗಾಬರಿಯಾಗಿದ್ರು, ಯಾಕಂದ್ರೆ ಅದ್ರಲ್ಲೂ ಮಂಗ ಸಾಯುತ್ತೆ. ಆಮೇಲೆ ಟೆಸ್ಟ್ ಮಾಡಿದ್ರೆ ಇದು ರಷ್ಯಾ ಕಡೆ ಉಣ್ಣೆಯಿಂದ (ದನ, ನಾಯಿ ಮೈಗೆ ಕಚ್ಕೊಂಡು ರಕ್ತ ಹೀರುತ್ತಲ್ಲ, ಆ ಸಣ್ಣ ಹುಳ) ಹರಡೋ ಜ್ವರಗಳ ಸಂಬಂಧಿ ವೈರಸ್ ಅಂತ ಗೊತ್ತಾಯ್ತು, ಹಾಗಾಗಿ ಸೊಳ್ಳೆ ಬಿಟ್ಟು ಉಣ್ಣೆ ಕಡೆ ತಿರುಗಿದ್ರು, ಕೊನೆಗೆ ಕಾಡಿನ ಉಣ್ಣೆಯೊಳಗೇ ವೈರಸ್ ಸಿಕ್ತು.

ಅಂದ್ರೆ ಹೆಸರು ಮಂಗಂದು ಆದ್ರೂ ಕಚ್ಚೋದು ಉಣ್ಣೆ, ಮಲೆನಾಡಲ್ಲಿ ಉಣುಗು ಅಂತಾರಲ್ಲ ಅದು. ಅದ್ರಲ್ಲೂ ಮರಿ ಉಣ್ಣೆಗಳೇ ಜಾಸ್ತಿ ಅಪಾಯ, ಕಣ್ಣಿಗೆ ಸರಿಯಾಗಿ ಕಾಣಲ್ಲ, ತರಗೆಲೆ ಮೇಲೆ, ಗಿಡದ ತುದೀಲಿ ಕೂತಿರ್ತವೆ. ಮಂಗ ಪಾಪ ನಮ್ಮಷ್ಟೇ ನರಳುತ್ತೆ, ಅದು ಸತ್ತ ಕೂಡ್ಲೇ ಮೈಮೇಲಿದ್ದ ಉಣ್ಣೆಗಳೆಲ್ಲ ಕೆಳಗೆ ಇಳಿದು ಆ ಜಾಗದಲ್ಲೇ ಹರಡ್ಕೊಳ್ತವೆ. ಅದಕ್ಕೇ ಸತ್ತ ಮಂಗದ ಹತ್ರ ಹೋಗ್ಲೇಬೇಡಿ, ಫೋಟೋ ತೆಗೆಯೋಕೂ ಬೇಡ, ಮಣ್ಣು ಮಾಡೋಣ ಪುಣ್ಯ ಬರುತ್ತೆ ಅಂತ ಎತ್ತೋದಂತೂ ಬೇಡ್ವೇ ಬೇಡ, ಅರಣ್ಯ ಇಲಾಖೆಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. 2012ರ ಕೊನೇಲಿ ನಮ್ ಪಕ್ಕದ ಬಂಡೀಪುರದಲ್ಲೇ ಮಂಗ ಸತ್ತಾಗ ಅವನ್ನ ಮುಟ್ಟಿ ಸುಟ್ಟ ಕೆಲಸದವ್ರಿಗೆ ಕಾಯಿಲೆ ಬಂತು. ಅಲ್ಲೀವರ್ಗೂ ಇದೆಲ್ಲಾ ಶಿವಮೊಗ್ಗ ಕಡೆ ವಿಷ್ಯ ಅಂದ್ಕೊಂಡಿದ್ವಿ. ಆಮೇಲೆ ಕೇರಳದ ವಯನಾಡಲ್ಲೂ ಬಂತು. ಹಾಗಂತ ಚಾಮುಂಡಿ ಬೆಟ್ಟದ ಮೇಲೆ ಓಡಾಡ್ಕೊಂಡಿರೋ ಮಂಗಕ್ಕೆ ಕಲ್ಲು ಹೊಡೆದ್ರೆ ಏನೂ ಉಪಯೋಗ ಇಲ್ಲ.

ಕಾಡಿಗೆ ಹೋಗೋ ದಿನ ಫುಲ್ ತೋಳಿನ ಶರ್ಟು, ಪ್ಯಾಂಟು ಹಾಕಿ, ಪ್ಯಾಂಟಿನ ಬುಡನ ಸಾಕ್ಸ್ ಒಳಗೆ ಸೇರಿಸಿ, ಬಟ್ಟೆ ಬಣ್ಣ ತಿಳಿಯಾಗಿದ್ರೆ ಉಣ್ಣೆ ಹತ್ತಿದ್ದು ಕಾಣುತ್ತೆ. ಸೀರೆ, ಲಂಗದಲ್ಲಿ ಕೆಲಸ ಮಾಡೋ ಹೆಣ್ಮಕ್ಕಳು ಒಳಗೆ ಒಂದು ಪ್ಯಾಂಟ್ ಹಾಕ್ಕೊಂಡು ಸಾಕ್ಸ್ ಏರಿಸಿದ್ರೆ ಒಳ್ಳೇದು. ಕೈಕಾಲಿಗೆ ಉಣ್ಣೆ ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ ಹಚ್ಚಿ, ಕಾಯಿಲೆ ಇರೋ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡ್ತಾರೆ, ಕೆಲಸಕ್ಕೆ ಕರ್ಕೊಂಡು ಹೋಗೋ ಮೇಸ್ತ್ರಿನ ಕೇಳಿ ತರಿಸ್ಕೊಳಿ, ಅದು ನಿಮ್ ಹಕ್ಕು. ಊಟಕ್ಕೆ ಅಂತ ತರಗೆಲೆ ಮೇಲೆ ಕೂರ್ಬೇಡಿ, ಒರಗ್ಬೇಡಿ.

ವಾಪಸ್ ಬಂದ ತಕ್ಷಣ ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ನೆನೆಸಿ, ಸೋಪು ಹಾಕಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿ ಹಿಂದೆ, ಕಿವಿ ಹಿಂದೆ, ಸೊಂಟದ ಸುತ್ತ ಚೆನ್ನಾಗಿ ನೋಡ್ಕೊಳಿ, ಮಕ್ಕಳ ತಲೆಗೂದಲೊಳಗೂ ನೋಡಿ. ಉಣ್ಣೆ ಕಚ್ಕೊಂಡಿದ್ರೆ ಬೀಡಿ ಕಿಡಿ ಇಡೋದು, ಸೀಮೆಎಣ್ಣೆ ಸುರಿಯೋದು ಮಾಡ್ಬೇಡಿ, ಉಗುರಲ್ಲಿ ಹಿಸುಕ್ಬೇಡಿ. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ಅಂಟ್ಕೊಂಡಿರೋ ಕಡೆಯೇ ಹಿಡಿದು ನಿಧಾನಕ್ಕೆ ನೇರವಾಗಿ ಎಳೀರಿ, ಆಮೇಲೆ ಸೋಪಲ್ಲಿ ತೊಳೀರಿ.

ಇನ್ನು ಮುಖ್ಯವಾದ ಮಾತು. ಕಚ್ಚಿ 3ರಿಂದ 8 ದಿನಕ್ಕೆ ಇದ್ದಕ್ಕಿದ್ದ ಹಾಗೆ ಚಳಿಜ್ವರ, ಹಣೆ ಒಡೆಯೋ ಹಾಗೆ ತಲೆನೋವು, ಸೊಂಟ ಮೀನಖಂಡ ಎಲ್ಲಾ ನೋವು, ವಾಂತಿ, ಕಣ್ಣು ಕೆಂಪು, ಕೆಲವ್ರಿಗೆ ಮೂಗು ಒಸಡಲ್ಲಿ ರಕ್ತ. ಅಷ್ಟೊತ್ತಿಗೆ ನೀವು ಮಂಡ್ಯಕ್ಕೋ ಮೈಸೂರಿಗೋ ವಾಪಸ್ ಬಂದಿರ್ತೀರ, ಪ್ಲೇಟ್‌ಲೆಟ್ ಇಳಿದಿರೋದು ನೋಡಿ ಇಲ್ಲಿ ಯಾರಾದ್ರೂ ಮೊದ್ಲು ಡೆಂಗಿ ಅಂತಾನೇ ಅಂದ್ಕೊಳ್ತಾರೆ, ಅದ್ರಲ್ಲಿ ಡಾಕ್ಟರ್ ತಪ್ಪೇನಿಲ್ಲ, ನೀವೇ ಬಾಯಿಬಿಟ್ಟು ಹೇಳ್ಬೇಕು: ಸಾರ್, ಇಂಥ ಊರಿನ ತೋಟದಲ್ಲಿ ಇಂಥ ದಿನದ ತನಕ ಇದ್ದೆ, ಉಣ್ಣೆ ಕಚ್ಚಿತ್ತು, ಅಲ್ಲಿ ಮಂಗ ಸತ್ತಿದ್ವು ಅಂತ. ಆ ಒಂದು ಮಾತಿಂದ ರಕ್ತದ ಸ್ಯಾಂಪಲ್ ಸರಿಯಾದ ಟೆಸ್ಟಿಗೆ ಹೋಗುತ್ತೆ, ಶುರುವಿನ ದಿನಗಳಲ್ಲಿ ವೈರಸ್ಸನ್ನೇ ಹುಡುಕೋ ಆರ್‌ಟಿಪಿಸಿಆರ್, ತಡವಾದ್ರೆ ವೈರಸ್ ವಿರುದ್ಧ ಮೈಯಲ್ಲಿ ಹುಟ್ಟೋ ಪ್ರತಿಕಾಯ ಹುಡುಕೋ ಎಲೈಸಾ. ಸರ್ಕಾರಿ ಆಸ್ಪತ್ರೆಗೇ ಹೋಗಿ, ಗೊತ್ತಾಗ್ಲಿಲ್ಲ ಅಂದ್ರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಮೆಡಿಕಲ್ ಶಾಪಲ್ಲಿ ನೋವಿನ ಮಾತ್ರೆ ಕೇಳಿ ನುಂಗ್ಬೇಡಿ, ಆಸ್ಪಿರಿನ್, ಐಬುಪ್ರೊಫೆನ್‌ನಿಂದ ರಕ್ತಸ್ರಾವ ಜಾಸ್ತಿ ಆಗ್ಬಹುದು.

ಮನೇಲಿ ಒಬ್ರಿಗೆ ಬಂದ್ರೆ ಎಲ್ರಿಗೂ ಅಂಟುತ್ತೆ ಅಂತ ಅವ್ರನ್ನ ದೂರ ಇಡೋದು ಬೇಡ. ಎಬೋಲಾ ರೋಗಿಯ ರಕ್ತ, ವಾಂತಿ ಮುಟ್ಟಿದ್ರೆ ಹರಡುತ್ತೆ, 2011ರಲ್ಲಿ ಗುಜರಾತಲ್ಲಿ ಕ್ರಿಮಿಯನ್ ಕಾಂಗೋ ಜ್ವರ ಬಂದಾಗ ಚಿಕಿತ್ಸೆ ಕೊಟ್ಟ ಡಾಕ್ಟರ್, ನರ್ಸೇ ತೀರಿಕೊಂಡ್ರು. ಮಂಗನ ಕಾಯಿಲೆ ಹಾಗೆ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಪಕ್ಕದಲ್ಲಿ ಕೂತು ಗಂಜಿ ಕುಡಿಸಿ, ನೀರು ಕೊಡ್ತಾ ಇರಿ, ಈ ವೈರಸ್ ಕೊಲ್ಲೋ ಔಷಧಿ ಅಂತ ಇಲ್ಲ, ನೀರಿನಂಶ ಮತ್ತೆ ರಕ್ತಸ್ರಾವ ನೋಡ್ಕೊಳ್ಳೋದೇ ಚಿಕಿತ್ಸೆ. ಬಂದ ನೂರು ಜನದಲ್ಲಿ 3ರಿಂದ 5 ಜನ ಸಾಯ್ತಾರೆ, ಬೇಗ ಆಸ್ಪತ್ರೆ ಸೇರಿದಷ್ಟೂ ಒಳ್ಳೇದು.

ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗೇ ಇದ್ದು, ನೂರಕ್ಕೆ 10ರಿಂದ 20 ಜನಕ್ಕೆ ಮತ್ತೆ ಜ್ವರ ತಿರುಗುತ್ತೆ, ಆಗ ತಲೆನೋವು ಜೋರಾಗಿ, ಕೈಕಾಲು ನಡುಗಿ, ಮಾತು ತೊದಲಬಹುದು, ಮಿದುಳಿಗೆ ತೊಂದರೆ ಆಗಿದೆ ಅಂತ ಅರ್ಥ. ವಾಸಿ ಆಯ್ತು ಅಂತ ಮಾರನೇ ದಿನವೇ ಬಸ್ ಹತ್ತಿ ತೋಟದ ಕೆಲಸಕ್ಕೆ ವಾಪಸ್ ಹೋಗ್ಬೇಡಿ, ಆ ಎರಡು ವಾರ ಆಸ್ಪತ್ರೆಗೆ ಹತ್ರ, ಮನೆಯವ್ರ ಕಣ್ಣ ಮುಂದೆ ಇರಿ.