ಹಿಂದಿನ ಸೀಟಿನ ಲೆಕ್ಕದಲ್ಲಿ ಕಲಬುರಗಿಯಿಂದ ಲೇಹ್‌ಗೆ

ಬೈಕಿನಲ್ಲಿ ಲೇಹ್‌ಗೆ ಹೋಗಬೇಕೆನ್ನುವ ದಂಪತಿ ನಮ್ಮಲ್ಲಿ ಮೊದಲು ವಿಚಾರಿಸುವುದು ಎಷ್ಟು ಸಿಸಿಯ ಗಾಡಿ ಬೇಕೆಂದು. ಸುಸ್ಥಿತಿಯಲ್ಲಿರುವ 350 ಸಿಸಿ ಗಾಡಿ ಇಬ್ಬರಿಗೆ ಸಾಕು. ಹೋಗಲು ಮಾತ್ರವೇ ಸುಮಾರು 3,000 ಕಿ.ಮೀ. ಆಗುವ ಈ ದಾರಿಯನ್ನು ಹಿಂದಿನ ಸೀಟಿನಲ್ಲಿ ಕುಳಿತು ಕ್ರಮಿಸಿದವಳಾಗಿ ನಾನು ಹೇಳುವುದೆಂದರೆ, ದಿನಕ್ಕೆ ಎಷ್ಟು ದೂರ, ಎಲ್ಲಿ ವಸತಿ, ಯಾವ ಮಾರ್ಗ ಎಂಬುದೆಲ್ಲವನ್ನೂ ಹಿಂದೆ ಕೂರುವವರ ದೇಹ ತಾಳುವಷ್ಟಕ್ಕೇ ನಿಗದಿ ಮಾಡಬೇಕು. ಮುಂದಿರುವವರಿಗೆ ಹ್ಯಾಂಡಲ್ಲಿನ ಆಸರೆಯಿರುತ್ತದೆ, ರಸ್ತೆಯ ಹೊಂಡವೂ ಮೊದಲೇ ಕಾಣುತ್ತದೆ. ಹಿಂದಿರುವವರಿಗೆ ಹೊಂಡ ತಿಳಿಯುವುದು ಸೊಂಟಕ್ಕೆ ಪೆಟ್ಟು ಬಿದ್ದ ಮೇಲೆಯೇ.

ಹೊರಡುವ ಒಂದು ತಿಂಗಳು ಮೊದಲು, ಒಯ್ಯುವ ಸಾಮಾನನ್ನೆಲ್ಲ ಕಟ್ಟಿಕೊಂಡು, ಹುಮನಾಬಾದ್ ಮಾರ್ಗವಾಗಿ ಬೀದರ್‌ಗೆ ಹೋಗಿ ಅದೇ ದಿನ ಮರಳಿ ಬನ್ನಿ. ನಾವು ಹಾಗೆ ಹೊರಟಾಗ ಕಮಲಾಪುರ ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ, ಕುಲುಕಾಟಕ್ಕೆ ಪಟ್ಟಿ ಸಡಿಲಾಗಿ ಬಲಗಡೆಯ ಚೀಲ ಸೈಲೆನ್ಸರಿಗೆ ತಗುಲಿ, ಅದರ ಅಂಚು ಕರಗಿ, ಒಳಗಿದ್ದ ಸ್ವೆಟರಿನ ತೋಳಿನಲ್ಲಿ ಬೆರಳು ತೂರುವಷ್ಟು ತೂತು ಬಿದ್ದಿತ್ತು. ಮರುದಿನವೇ ವೆಲ್ಡಿಂಗ್ ಅಂಗಡಿಯಲ್ಲಿ ಚೀಲಕ್ಕೆ ಕಬ್ಬಿಣದ ಚೌಕಟ್ಟು ಮಾಡಿಸಿದೆವು. ಇಂಥ ದೋಷ ಮನೆಯ ಹತ್ತಿರವೇ ಬಯಲಾದರೆ ಒಳ್ಳೆಯದು.

ಇಬ್ಬರ ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ, ಹೆಡ್‌ಲೈಟಿನ ಬೆಳಕು ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ. ಆದ್ದರಿಂದ ಶಾಕ್‌ನ ಕೆಳಗಿನ ಉಂಗುರವನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಿಸಿಕೊಳ್ಳಿ. ಹಿಂದಿನ ಟೈರಿಗೆ ಇಬ್ಬರ ಸವಾರಿಗೆಂದು ಗಾಡಿಯ ಪುಸ್ತಕದಲ್ಲಿ ಬೇರೆಯೇ ಗಾಳಿಯ ಒತ್ತಡ ಕೊಟ್ಟಿರುತ್ತಾರೆ, ಅದನ್ನೇ ಪಾಲಿಸಿ. ಭಾರವಾದ ವಸ್ತುಗಳು ಕೆಳಗೆ, ಸೀಟಿಗೆ ಹತ್ತಿರ ಇರಲಿ.

ಮೇ, ಜೂನ್ ತಿಂಗಳಲ್ಲಿ ನಾಗಪುರದಿಂದ ದೆಹಲಿಯವರೆಗಿನ ಬಿಸಿಲು 45 ಡಿಗ್ರಿ ಮುಟ್ಟುವುದರಿಂದ ಸೆಪ್ಟೆಂಬರ್ ಮೊದಲ ವಾರ ಹೊರಡುವುದು ಮೇಲು. ಆಗ ನಮ್ಮ ಕಡೆ ಮಳೆ ಜೋರಾಗಿರುತ್ತದೆ, ನಿಜ. ಹತ್ತಿರವಾಗುತ್ತದೆಂದು ಎರೆಮಣ್ಣಿನ ಅಡ್ಡದಾರಿ ಹಿಡಿದರೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗದಂತಾಗುತ್ತದೆ. ಹುಮನಾಬಾದ್‌ನಿಂದ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯಿರಿ. ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ; ಸಂಗಾರೆಡ್ಡಿಯಿಂದ ನರಸಾಪುರ, ತೂಪ್ರಾನ್ ಮೂಲಕ 44ನೇ ಹೆದ್ದಾರಿಗೆ ಸೇರಿದರೆ ನಗರದ ದಟ್ಟಣೆಯೂ ತಪ್ಪುತ್ತದೆ. ಬಯಲುಸೀಮೆಯಲ್ಲಿ ನಸುಕಿನಲ್ಲೇ ಹೊರಟು, ಒಂದೂವರೆ ತಾಸಿಗೊಮ್ಮೆ ಇಳಿದು ನಡೆದಾಡಿ, ದಿನಕ್ಕೆ 350 ಕಿ.ಮೀ. ಮೀರದಂತೆ ನೋಡಿಕೊಳ್ಳಿ. ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ) ಜೊತೆಗಿದ್ದರೆ ಊಟಕ್ಕಾಗಿ ಹೊತ್ತಲ್ಲದ ಹೊತ್ತಿನಲ್ಲಿ ಢಾಬಾ ಹುಡುಕುವ ಪ್ರಮೇಯವಿಲ್ಲ.

ಬೆಟ್ಟ ಏರಲು ಮನಾಲಿ ದಾರಿಗಿಂತ ಶ್ರೀನಗರದ ದಾರಿಯೇ ನಮ್ಮಂಥ ಬಯಲಿನವರಿಗೆ ಹಿತ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಲೇಹ್ 3,500 ಮೀಟರ್ ಎತ್ತರದಲ್ಲಿ. ಶ್ರೀನಗರ ಸುಮಾರು 1,600, ಸೋನಾಮಾರ್ಗ್ ಮತ್ತು ಕಾರ್ಗಿಲ್ ಸುಮಾರು 2,700 ಮೀಟರ್ ಇರುವುದರಿಂದ ಅಲ್ಲಲ್ಲಿ ರಾತ್ರಿ ತಂಗುತ್ತ ಹೋದರೆ ತೆಳುವಾದ ಗಾಳಿಗೆ ದೇಹ ಮೆಲ್ಲಗೆ ಒಗ್ಗುತ್ತದೆ. ಮನಾಲಿ ದಾರಿಯಲ್ಲಾದರೆ ಅನೇಕರು ಮೊದಲ ರಾತ್ರಿಯೇ 4,200 ಮೀಟರಿಗೂ ಎತ್ತರದ ಸರ್ಚುವಿನಲ್ಲಿ ತಂಗಿ ತಲೆನೋವು, ವಾಂತಿಯಿಂದ ನರಳುತ್ತಾರೆ. ಹಿಂದೆ ಕುಳಿತವರು ಎಂದಿನಂತಲ್ಲದೆ ಮಾತು ನಿಲ್ಲಿಸಿದರೆ, ತೂಕಡಿಸಿದರೆ, ಅದನ್ನು ಆಯಾಸವೆಂದು ತಳ್ಳಿಹಾಕದೆ ಗಾಡಿ ನಿಲ್ಲಿಸಿ. ಲಕ್ಷಣ ಹೆಚ್ಚಿದರೆ ಕೆಳಗಿಳಿಯುವುದೇ ಚಿಕಿತ್ಸೆ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇದ್ದವರು ಊರಿನಲ್ಲೇ ವೈದ್ಯರನ್ನು ಕಾಣಬೇಕು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ, ಲಡಾಖ್‌ಗಳಲ್ಲಿ ನಡೆಯದು, ಪೋಸ್ಟ್‌ಪೇಯ್ಡ್ ಇರಲಿ.

ಗಾಳಿಯ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ನಾನೂ ನಮ್ಮ ಮನೆಯವರೂ ಸಂಜ್ಞೆಗಳನ್ನು ಗೊತ್ತುಮಾಡಿಕೊಂಡಿದ್ದೆವು: ಭುಜಕ್ಕೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸಿ. ತಿರುವಿನಲ್ಲಿ ಹಿಂದಿರುವವರು ಸವಾರನ ಒಳಬದಿಯ ಭುಜದ ಮೇಲಿಂದ ರಸ್ತೆ ನೋಡಿದರೆ ಮೈ ತಾನಾಗಿಯೇ ಗಾಡಿಯ ಜೊತೆ ವಾಲುತ್ತದೆ. ಹೆದರಿ ಎದುರು ದಿಕ್ಕಿಗೆ ವಾಲಿದರೆ ಗಾಡಿ ತಿರುವಿನಿಂದ ಹೊರಗೆ ಸರಿಯುತ್ತದೆ.

ಮರಳುವಾಗ ಮನಾಲಿ ದಾರಿ ಹಿಡಿಯಿರಿ. ಲೇಹ್ ಬಳಿಯ ಕಾರು ಎಂಬ ಊರಿನಲ್ಲಿ ಟ್ಯಾಂಕ್ ತುಂಬಿಸಿ, ಐದು ಲೀಟರ್ ಹೆಚ್ಚುವರಿ ಪೆಟ್ರೋಲ್ ಇಟ್ಟುಕೊಳ್ಳಿ, ಏಕೆಂದರೆ ಮುಂದೆ ನೆಚ್ಚಬಹುದಾದ ಪಂಪ್ ಸುಮಾರು 330 ಕಿ.ಮೀ. ದೂರದ ತಾಂಡಿಯಲ್ಲಿದೆ. ರಸ್ತೆಗೆ ಅಡ್ಡ ಹರಿಯುವ ಹಿಮದ ನೀರು ಬಿಸಿಲೇರಿದಂತೆ ಹೆಚ್ಚುವುದರಿಂದ ಅಂಥ ಹಳ್ಳಗಳನ್ನು ಬೆಳಿಗ್ಗೆಯೇ ದಾಟಿ, ಕಲ್ಲುಗಳಿರುವಲ್ಲಿ ಹಿಂದಿನವರು ಇಳಿದುಬಿಡಲಿ. ಬಾರಾಲಾಚಾ ಘಾಟಿ ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿಯದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಮನಾಲಿ ಮುಟ್ಟಿದ ದಿನ ಬ್ರೇಕ್ ಪ್ಯಾಡ್, ಚೈನು, ಚೌಕಟ್ಟಿನ ಬೋಲ್ಟುಗಳನ್ನು ಮೆಕ್ಯಾನಿಕ್‌ಗೆ ತೋರಿಸಿಯೇ ಬಯಲಿನ ಹಾದಿಗೆ ಬನ್ನಿ.